ಪೀಠದ ಸುತ್ತಲಿನ ನೆಲ

ವಾಸ್ತುಶಿಲ್ಪ ಮತ್ತು ನಗರ ವಿನ್ಯಾಸ ಓದುತ್ತಿರುವ ಎಳೆಯರಿಗೆ,

ದಬ್ಬಾಳಿಕೆಯ ಆಡಳಿತವೊಂದು ಬಿಟ್ಟುಹೋದ ಸ್ಮಾರಕದ ಬಗ್ಗೆ ಎಲ್ಲಿ ಜಗಳ ಹತ್ತಿಕೊಂಡರೂ ಕೇಳಿಬರುವ ಪ್ರಶ್ನೆ ಒಂದೇ: ಇರಲೋ, ಉರುಳಲೋ? ಈ ಜಗಳಕ್ಕೆ ರಾಜಕಾರಣಿಗಳು ಬರುತ್ತಾರೆ, ಇತಿಹಾಸಕಾರರು ಬರುತ್ತಾರೆ, ಸಂಘಟನೆಗಳವರು ಹಾರ ಹಿಡಿದೋ ಹಾರೆ ಹಿಡಿದೋ ಬರುತ್ತಾರೆ. ನಿಮ್ಮನ್ನು ಮಾತ್ರ ಯಾರೂ ಕರೆಯುವುದಿಲ್ಲ. ಎಲ್ಲ ತಣ್ಣಗಾದ ಮೇಲೆ, ‘ಸುಂದರೀಕರಣ’ ಎಂಬ ತಲೆಬರಹ ಹೊತ್ತ ಟೆಂಡರು ಹೊರಟಾಗ ನಿಮ್ಮ ಕಸುಬಿನವರ ನೆನಪಾಗುತ್ತದೆ. ಆಗ ನಿಮ್ಮಿಂದ ಬಯಸುವುದು ಸ್ಟೀಲ್ ಕಂಬಿ, ಬಣ್ಣದ ದೀಪ, ಒಂದು ಕಾರಂಜಿ, ಒಂದಿಷ್ಟು ಹುಲ್ಲುಹಾಸು. ಈ ಕ್ರಮವೇ ತಲೆಕೆಳಗಾಗಿದೆ ಎಂದು ವಾದಿಸಲು ಈ ಪತ್ರ. ಸರ್ವಾಧಿಕಾರದ ಸ್ಮಾರಕವೊಂದರ ಬಲ ಅದರ ಕಲ್ಲಿಗಿಂತ ಹೆಚ್ಚಾಗಿ ಕಲ್ಲಿನ ಸುತ್ತ ಹಾಸಿಟ್ಟ ನೆಲದಲ್ಲಿದೆ: ನೇರ ತಂದು ಎದುರು ನಿಲ್ಲಿಸುವ ದಾರಿ, ಏರಲೇಬೇಕಾದ ಮೆಟ್ಟಿಲು, ಕತ್ತೆತ್ತಿಸುವ ಎತ್ತರ, ಇಷ್ಟೇ ದೂರದಲ್ಲಿ ನಿಲ್ಲು ಎನ್ನುವ ಸರಪಳಿ, ರಾತ್ರಿ ಅದೊಂದನ್ನೇ ಬೆಳಗುವ ದೀಪ. ಗರುಡಗಂಬದ ಬಳಿ ನಿಂತವನ ಕಣ್ಣು ಸೀದಾ ಗರ್ಭಗುಡಿಗೆ ಹೋಗುವಂತೆ ಕಟ್ಟುವುದು ನಮ್ಮ ಸ್ಥಪತಿಗಳಿಗೆ ಗೊತ್ತಿದ್ದ ವಿದ್ಯೆ. ಸರ್ವಾಧಿಕಾರಿಗಳ ವಾಸ್ತುಶಿಲ್ಪಿಗಳಿಗೂ ಅದು ಚೆನ್ನಾಗಿಯೇ ಗೊತ್ತಿತ್ತು. ವ್ಯತ್ಯಾಸ ಇಷ್ಟೇ, ಗುಡಿಗೆ ಭಕ್ತ ತಾನಾಗಿ ಹೋಗುತ್ತಾನೆ. ಚೌಕದಲ್ಲಿ ತರಕಾರಿ ತರಲು ಹೊರಟವನನ್ನೂ ಭಕ್ತನ ಭಂಗಿಯಲ್ಲಿ ನಿಲ್ಲಿಸಲಾಗುತ್ತದೆ. ಸ್ಮಾರಕವನ್ನು ಉಳಿಸಿದರೂ ಸರಿ, ತೆಗೆದರೂ ಸರಿ, ಆ ನೆಲ ಜನರ ಮೈಗೆ ಕೊಡುತ್ತಿರುವ ಅಪ್ಪಣೆ ರದ್ದಾಗದಿದ್ದರೆ ಏನೂ ಆದಂತಲ್ಲ. ಅದನ್ನು ರದ್ದುಮಾಡಬಲ್ಲವರು ನೀವು.

ಇದನ್ನು ಊಹೆಯ ಮೇಲೆ ಹೇಳುತ್ತಿಲ್ಲ. ಇಟಲಿಯ ಉತ್ತರ ಗಡಿಯ ಬೋಲ್ಜಾನೊ ಎಂಬ ಊರು ಈ ಪ್ರಶ್ನೆಯನ್ನು ಎಂಬತ್ತು ವರ್ಷಕ್ಕೂ ಹೆಚ್ಚು ಕಾಲ ಅರಗಿಸಿಕೊಳ್ಳಲಾಗದೆ ಒದ್ದಾಡಿದೆ. ಬೋಲ್ಜಾನೊ ಇರುವ ದಕ್ಷಿಣ ಟಿರೋಲ್ ಪ್ರಾಂತ್ಯ ಮೊದಲ ಮಹಾಯುದ್ಧದವರೆಗೆ ಆಸ್ಟ್ರಿಯಾದ್ದು, ಜನ ಬಹುಪಾಲು ಜರ್ಮನ್ ಮಾತಾಡುವವರು. ಯುದ್ಧಾನಂತರ ಅದು ಇಟಲಿಯ ಪಾಲಾಯಿತು. ಮುಸೊಲಿನಿ ಅಧಿಕಾರಕ್ಕೆ ಬಂದ ಮೇಲೆ ಅಲ್ಲಿ ಭಾಷೆಯ ಬೇಟೆ ಶುರುವಾಯಿತು. 1923ರಲ್ಲಿ ಎಟ್ಟೋರೆ ತೊಲೊಮೇಯಿ ಎಂಬ ರಾಷ್ಟ್ರವಾದಿ ಬೋಲ್ಜಾನೊದ ರಂಗಮಂದಿರದಲ್ಲಿ ನಿಂತು 32 ಅಂಶಗಳ ಯೋಜನೆಯನ್ನು ಓದಿದ. ಊರು, ಹೊಳೆ, ಬೆಟ್ಟಗಳ ಹೆಸರುಗಳೆಲ್ಲ ಇಟಾಲಿಯನ್ ಆಗಬೇಕು; ಶಾಲೆಗಳಲ್ಲಿ ಜರ್ಮನ್ ಇರಕೂಡದು; ಟಿರೋಲ್ ಎಂಬ ಹೆಸರೇ ಇರಕೂಡದು. ಮುಂದೆ ಗೋರಿಕಲ್ಲಿನ ಮೇಲೂ ಜರ್ಮನ್ ಬರೆಯುವಂತಿಲ್ಲ ಎಂದಾಯಿತು. ಮಕ್ಕಳಿಗೆ ಮನೆಮಾತು ಕಲಿಸಲು ಹಳ್ಳಿಗಳಲ್ಲಿ ಗುಪ್ತ ಶಾಲೆಗಳು ನಡೆದವು. ಗಡಿನಾಡಿನ ಶಾಲೆ, ಗಡಿನಾಡಿನ ನಾಮಫಲಕ ಎಂದರೆ ಏನೆಂದು ಬಲ್ಲ ಕನ್ನಡಿಗರಿಗೆ ಇದರ ನೋವನ್ನು ಬಿಡಿಸಿ ಹೇಳಬೇಕಾಗಿಲ್ಲ, ಪ್ರಮಾಣ ಬೇರೆಯೇ ಆದರೂ. ಇಂಥ ಕಾಲದಲ್ಲಿ, 1928ರ ಜುಲೈ 12ರಂದು, ಮಾರ್ಚೆಲ್ಲೊ ಪಿಯಾಚೆಂತಿನಿ ರೂಪಿಸಿದ ವಿಜಯ ಸ್ಮಾರಕ ಬೋಲ್ಜಾನೊದಲ್ಲಿ ಉದ್ಘಾಟನೆಯಾಯಿತು. ಬಿಳಿ ಅಮೃತಶಿಲೆ, ಫಾಸಿಸ್ಟರ ಲಾಂಛನವಾದ ಕೊಡಲಿ-ಕೋಲುಗಳ ಕಟ್ಟಿನ ಆಕಾರದ ಕಂಬಗಳು, ನೆತ್ತಿಯಲ್ಲಿ ಲ್ಯಾಟಿನ್ ಶಾಸನ. ದೇಶದ ಗಡಿ ಇದು, ಇಲ್ಲಿಂದಾಚೆಯವರಿಗೆ ಭಾಷೆ, ಕಾನೂನು, ಕಲೆಗಳನ್ನು ಕಲಿಸಿದವರು ನಾವು ಎಂಬುದು ಅದರ ತಾತ್ಪರ್ಯ. ಅದನ್ನು ಓದಬೇಕಾದವರು ಯಾರೆಂಬುದರಲ್ಲಿ ಅನುಮಾನವಿರಲಿಲ್ಲ.

ನೆಲದ ಬಗ್ಗೆ ನಾನು ಹೇಳುತ್ತಿರುವುದು ಇಲ್ಲಿ ನಿಚ್ಚಳವಾಗುತ್ತದೆ. ಸ್ಮಾರಕ ಎದ್ದದ್ದು ಬರಿ ಬಯಲಿನಲ್ಲಲ್ಲ. ಆಸ್ಟ್ರಿಯಾದ ಸೈನಿಕ ದಳವೊಂದರ ಸತ್ತವರ ನೆನಪಿಗಾಗಿ ಅರ್ಧ ಕಟ್ಟಿದ್ದ ಸ್ಮಾರಕವನ್ನು ಒಡೆದು ಅದೇ ಜಾಗದಲ್ಲಿ ಇದನ್ನು ನಿಲ್ಲಿಸಲಾಯಿತು. ಚೆಸಾರೆ ಬತ್ತಿಸ್ತಿ ಎಂಬ ಸಮಾಜವಾದಿಯ ಎದೆಮಟ್ಟದ ಪ್ರತಿಮೆಯನ್ನು ಒಳಗಿಟ್ಟರು. 1916ರ ಜುಲೈ 12ರಂದು ಆಸ್ಟ್ರಿಯಾ ಗಲ್ಲಿಗೇರಿಸಿದ್ದ ಆತನನ್ನು ಫಾಸಿಸ್ಟರು ತಮ್ಮವನನ್ನಾಗಿ ಮಾಡಿಕೊಂಡಾಗ ಆತನ ಹೆಂಡತಿ ಎರ್ನೆಸ್ತಾ ಬಿತ್ತಾಂತಿ ವಿರೋಧಿಸಿದ್ದರು, ಕೇಳಿದವರಿಲ್ಲ. ಅಂದರೆ ‘ಇತಿಹಾಸವನ್ನು ತಿದ್ದಬಾರದು, ಇದ್ದದ್ದನ್ನು ಇದ್ದಂತೆ ಬಿಡಿ’ ಎಂದು ಈಗ ವಾದಿಸುವವರು ಕಾಯುತ್ತಿರುವ ವಸ್ತುವೇ ಒಂದು ತಿದ್ದುಪಡಿ. ಒಂದು ನೆನಪನ್ನು ಅಳಿಸಿ, ಇನ್ನೊಂದನ್ನು ಕದ್ದು, ಮೂರನೆಯದನ್ನು ಅದರ ಮೇಲೆ ಬರೆದದ್ದು. ಇದ್ದಂತೆ ಬಿಡುವುದೆಂದರೆ ಕೊನೆಯದಾಗಿ ಬರೆದವನ ಕೈಬರಹವನ್ನು ಮಾತ್ರ ಮಾನ್ಯ ಮಾಡುವುದು.

ಯುದ್ಧ ಮುಗಿದು ಫಾಸಿಸಂ ಹೋದರೂ ಸ್ಮಾರಕ ಹೋಗಲಿಲ್ಲ. ಜರ್ಮನ್ ಭಾಷಿಕರಿಗೆ ಅದು ಹುಣ್ಣಾಗಿ ಉಳಿಯಿತು, ಸ್ಫೋಟಿಸುವ ಯತ್ನಗಳಾದವು, ಸುತ್ತ ಬೇಲಿ ಬಂತು. ಬೇಲಿ ಹಾಕಿದ ಸ್ಮಾರಕ ಇನ್ನಷ್ಟು ಪವಿತ್ರವಾಗಿ ಕಾಣುತ್ತದೆ, ಇದನ್ನು ನೀವು ಗಮನಿಸಿರಬಹುದು. ಊರಿನ ಜನಸಂಖ್ಯೆಯ ಲೆಕ್ಕವೂ ಬದಲಾಗಿತ್ತು. ಮೂವತ್ತರ ದಶಕದಲ್ಲಿ ಕೈಗಾರಿಕಾ ವಲಯ ತೆರೆದು ಇಟಲಿಯ ಇತರೆಡೆಗಳಿಂದ ಕಾರ್ಮಿಕರನ್ನು ಕರೆತಂದದ್ದರಿಂದ ಪ್ರಾಂತ್ಯದಲ್ಲಿ ಜರ್ಮನ್ ಭಾಷಿಕರೇ ಹೆಚ್ಚಿದ್ದರೂ ಬೋಲ್ಜಾನೊ ನಗರದಲ್ಲಿ ಇಟಾಲಿಯನ್ನರು ಬಹುಸಂಖ್ಯಾತರಾದರು. ಆ ಕಾರ್ಮಿಕರ ಮಕ್ಕಳು ಮೊಮ್ಮಕ್ಕಳು ಫಾಸಿಸ್ಟರಲ್ಲ. ಆದರೆ ಆ ಬಿಳಿ ಕಮಾನು ಅವರಿಗೆ, ನಾವೂ ಈ ಊರಿನವರೇ ಎನ್ನುವ ಗುರುತಾಗಿತ್ತು. 2001ರಲ್ಲಿ ನಗರಾಡಳಿತ ವಿಜಯ ಚೌಕ ಎಂಬ ಹೆಸರನ್ನು ಶಾಂತಿ ಚೌಕ ಎಂದು ಬದಲಿಸಿತು. ಒಳ್ಳೆಯ ಉದ್ದೇಶ, ಒಳ್ಳೆಯ ಹೆಸರು. ಮರುವರ್ಷ ನಡೆದ ಜನಮತಗಣನೆಯಲ್ಲಿ ಶೇ 60ಕ್ಕೂ ಹೆಚ್ಚು ಮಂದಿ ಹಳೆಯ ಹೆಸರೇ ಬೇಕೆಂದರು. ಶಾಂತಿ ಸೋತು ವಿಜಯ ಗೆದ್ದಿತು. ಚೌಕದ ಹೆಸರು ಬದಲಾಗಿತ್ತು, ಚೌಕ ಬದಲಾಗಿರಲಿಲ್ಲ. ಜನ ನಿಂತದ್ದು ಅದೇ ಜಾಗದಲ್ಲಿ, ನೋಡಿದ್ದು ಅದೇ ಕಂಬಗಳನ್ನು, ತಲೆಯ ಮೇಲೆ ಅದೇ ಶಾಸನ. ಫಲಕ ಬದಲಿಸಿ ಪಾಪ ತೊಳೆದುಕೊಳ್ಳುವ ಸುಲಭದ ದಾರಿಗೆ ಇದಕ್ಕಿಂತ ದುಬಾರಿ ಪಾಠ ನನಗೆ ತಿಳಿದಂತೆ ಇನ್ನೊಂದಿಲ್ಲ.

ಆಮೇಲಿನದು ನಿಮಗೆ ಮುಖ್ಯ. ಕೇಂದ್ರ ಸರ್ಕಾರ, ಪ್ರಾಂತ್ಯ, ನಗರಾಡಳಿತ ಮೂರೂ ಒಪ್ಪಿ ಇತಿಹಾಸಕಾರರ ಸಮಿತಿಯೊಂದಕ್ಕೆ ಕೆಲಸ ವಹಿಸಿದವು. 2014ರ ಜುಲೈನಲ್ಲಿ ಸ್ಮಾರಕದ ಅಡಿಯ ನೆಲಮಾಳಿಗೆಯಲ್ಲಿ ಶಾಶ್ವತ ಪ್ರದರ್ಶನ ತೆರೆಯಿತು. ಒಂದು ಸ್ಮಾರಕ, ಒಂದು ನಗರ, ಎರಡು ಸರ್ವಾಧಿಕಾರ ಎಂಬುದು ಅದರ ವಿಷಯ. ಎರಡು ಏಕೆಂದರೆ, ಇಟಾಲಿಯನ್ ಫಾಸಿಸಂ ಜೊತೆಗೆ 1943ರಿಂದ 45ರವರೆಗಿನ ನಾತ್ಸಿ ಆಕ್ರಮಣದ ಕತೆಯೂ, ಬೋಲ್ಜಾನೊದಲ್ಲೇ ಇದ್ದ ಯಾತನಾ ಶಿಬಿರದ ಕತೆಯೂ ಅಲ್ಲಿದೆ. 1939ರಲ್ಲಿ ಹಿಟ್ಲರ್ ಮತ್ತು ಮುಸೊಲಿನಿ ಸೇರಿ, ಜರ್ಮನಿಗೆ ಹೋಗುತ್ತೀರೋ, ಇಲ್ಲೇ ಇದ್ದು ಇಟಾಲಿಯನ್ನರಾಗುತ್ತೀರೋ ಎಂದು ಕೇಳಿದಾಗ ಜರ್ಮನ್ ಭಾಷಿಕರಲ್ಲಿ ಬಹುಪಾಲು ಜನ ಹಿಟ್ಲರನ ನಾಡನ್ನು ಆರಿಸಿಕೊಂಡಿದ್ದರು, ಸುಮಾರು 75,000 ಮಂದಿ ಹೊರಟೂ ಹೋದರು. ಹೀಗಾಗಿ ಆ ಮಾಳಿಗೆಯಲ್ಲಿ ಯಾವ ಭಾಷೆಯವನೂ ಬರೀ ಬಲಿಪಶುವಾಗಿ ಹೊರಬರುವುದಿಲ್ಲ. ಹೊರಗೆ ಮಾಡಿದ ಬದಲಾವಣೆ ಕಣ್ಣಿಗೆ ಬೀಳುವಂಥದ್ದಾದರೂ ಬಲು ಚಿಕ್ಕದು: ಮುಂದಿನ ಕಂಬಗಳಲ್ಲಿ ಒಂದೇ ಒಂದಕ್ಕೆ ಎಲ್‌ಇಡಿ ಅಕ್ಷರಗಳು ಸುತ್ತುವ ಉಂಗುರ ತೊಡಿಸಿದರು. ಕಂಬಗಳ ಸಾಲಿನ ಗಾಂಭೀರ್ಯ ಅವೆಲ್ಲ ಒಂದೇ ತೆರನಾಗಿರುವುದರಲ್ಲಿದೆ; ಒಂದಕ್ಕೆ ಉಂಗುರ ಬಿದ್ದ ಕೂಡಲೇ ಕವಾಯತಿನಲ್ಲಿ ಒಬ್ಬ ಮಾತ್ರ ಬಣ್ಣದ ಕಾಲುಚೀಲ ಹಾಕಿಕೊಂಡು ನಿಂತಂತಾಗುತ್ತದೆ. ಮತ್ತೆ, ನೋಡಲು ಬಂದವನು ಮೇಲೇರುವ ಬದಲು ಕೆಳಗಿಳಿಯುತ್ತಾನೆ. ತಲೆಯ ಮೇಲಿದ್ದ ಶಾಸನದ ಬುಡಕ್ಕೆ ಹೋಗಿ, ಅದನ್ನು ಹೇಗೆ ಬರೆದರು, ಯಾರಿಗಾಗಿ ಬರೆದರು ಎಂದು ಅದರ ಹೊಟ್ಟೆಯೊಳಗೇ ನಿಂತು ಓದುತ್ತಾನೆ. ಒಂದು ಕಲ್ಲನ್ನೂ ಒಡೆಯದೆ ಇಡೀ ಅಪ್ಪಣೆ ತಿರುಗುಮುರುಗಾಯಿತು. ಹೆಸರು ಬದಲಿಸಿದಾಗ ಸಿಡಿದೆದ್ದ ಊರು ಇದನ್ನು ತನ್ನದಾಗಿ ಮಾಡಿಕೊಂಡಿತು.

ಅದೇ ಊರಿನ ಇನ್ನೊಂದು ಕಟ್ಟಡ, ಹಿಂದೆ ಫಾಸಿಸ್ಟ್ ಪಕ್ಷದ ಕಚೇರಿ, ಈಗ ಸರ್ಕಾರಿ ಹಣಕಾಸು ಕಚೇರಿ. ಅದರ ಮುಖದ ಮೇಲೆ ಹಾನ್ಸ್ ಪಿಫ್ರಾಡರ್ ಕೆತ್ತಿದ 57 ಫಲಕಗಳ ಭಾರಿ ಉಬ್ಬುಶಿಲ್ಪ, ನಡುವೆ ಕುದುರೆ ಏರಿದ ಮುಸೊಲಿನಿ, ಜೊತೆಗೆ ನಂಬು, ಪಾಲಿಸು, ಕಾದಾಡು ಎಂಬ ಪಕ್ಷದ ಘೋಷವಾಕ್ಯ. ನಾಚಿಕೆಗೇಡಿನ ಒಂದು ಸಂಗತಿಯನ್ನು ಹೇಳಲೇಬೇಕು: ಕೊನೆಯ ಫಲಕಗಳನ್ನು ಅಲ್ಲಿ ಕೂರಿಸಿದ್ದು 1957ರಲ್ಲಿ, ಗಣರಾಜ್ಯದ ಕಾಲದಲ್ಲಿ! ಸರ್ವಾಧಿಕಾರ ಸತ್ತರೂ ಗುತ್ತಿಗೆ ಸಾಯುವುದಿಲ್ಲ. ಸಾರ್ವಜನಿಕ ಸ್ಪರ್ಧೆ ನಡೆದು, 2017ರಲ್ಲಿ ಅರ್ನಾಲ್ಡ್ ಹೋಲ್ಟ್ಸ್‌ಕ್ನೆಷ್ಟ್ ಮತ್ತು ಮಿಕೇಲೆ ಬೆರ್ನಾರ್ದಿ ಅವರ ಯೋಜನೆಯಂತೆ ಆ ಶಿಲ್ಪದ ಮೇಲೆ ಬೆಳಕಿನ ಅಕ್ಷರಗಳು ಮೂಡಿದವು. ವಿಧೇಯನಾಗಿರುವುದು ಯಾರ ಹಕ್ಕೂ ಅಲ್ಲ ಎಂಬರ್ಥದ ಚಿಂತಕಿ ಹಾನಾ ಅರೆಂಟ್ ಅವರ ಮಾತು, ಇಟಾಲಿಯನ್, ಜರ್ಮನ್ ಮತ್ತು ಆ ಕಣಿವೆಗಳ ಸಣ್ಣ ಭಾಷೆಯಾದ ಲದಿನ್‌ನಲ್ಲಿ. ಇದು ಜಾಣತನದ ಕೆಲಸ, ಆದರೆ ನನಗೆ ಪೂರ್ತಿ ಒಪ್ಪಿಗೆಯಾದದ್ದಲ್ಲ. ಬೆಳಕಿನ ಅಕ್ಷರಕ್ಕೆ ಕತ್ತಲು ಬೇಕು. ಹಗಲಿಡೀ ಮುಸೊಲಿನಿ ಕುದುರೆ ಓಡಿಸಬಹುದು. ಮೇಲಾಗಿ ಅದು ಮಾತಿಗೆ ಮಾತು ಕೊಡುತ್ತದೆ, ನಿಲುವನ್ನು ಬದಲಿಸುವುದಿಲ್ಲ. ಎದುರು ನಿಂತವನು ಈಗಲೂ ತಲೆಯೆತ್ತಿಯೇ ಓದಬೇಕು. ನ್ಯೂರೆಂಬರ್ಗ್‌ನಲ್ಲಿ ನಾತ್ಸಿ ಸಮಾವೇಶಗಳ ನೆಲದಲ್ಲಿ ಅರ್ಧಕ್ಕೆ ನಿಂತ ಸಭಾಭವನದಲ್ಲಿ ಗ್ಯುಂಥರ್ ಡೊಮೆನಿಗ್ ಮಾಡಿದ್ದು ಇದಕ್ಕಿಂತ ಗಟ್ಟಿ ಕೆಲಸ. 2001ರಲ್ಲಿ ತೆರೆದ ಅಲ್ಲಿನ ದಾಖಲೆ ಕೇಂದ್ರಕ್ಕಾಗಿ ಆತ ಗಾಜು-ಉಕ್ಕಿನ ಒಂದು ನಡೆಮಾಡನ್ನು ಈಟಿಯಂತೆ ಓರೆಯಾಗಿ ತೂರಿಸಿದ. ಕಟ್ಟಡದ ಅಧಿಕಾರವೆಲ್ಲ ಅದರ ಲಂಬಕೋನಗಳಲ್ಲಿತ್ತು. ಆ ಕೋನಗಳನ್ನು ಸೀಳಿಕೊಂಡು ನೋಡುಗ ನಡೆದುಹೋಗುತ್ತಾನೆ.

ನನ್ನ ವಾದಕ್ಕೆ ಬರುವ ಗಟ್ಟಿ ಆಕ್ಷೇಪವೆಂದರೆ, ಇದೆಲ್ಲ ನಾಜೂಕುತನ; ನೊಂದವರ ಕಣ್ಣೆದುರು ಪೀಡಕನನ್ನು ಉಳಿಸಿಕೊಳ್ಳಲು ಹುಡುಕಿದ ನೆಪ; ನ್ಯಾಯವೆಂದರೆ ಕೆಡವುವುದು ಎಂಬುದು. ಇದರಲ್ಲಿ ಸತ್ಯವಿದೆ. ಪೀಡಕನಿಗೆ ಈಗಲೂ ಪೂಜೆ ನಡೆಯುವ ಕಡೆ, ನೊಂದವರೇ ತೆಗೆಯಿರಿ ಎನ್ನುವ ಕಡೆ ತೆಗೆಯಬೇಕು. ವಿನ್ಯಾಸಕಾರನ ಚಾತುರ್ಯ ಅವರ ಮಾತಿಗೆ ಅಡ್ಡ ಬರಬಾರದು. ಆದರೆ ತೆಗೆದ ಮೇಲೂ ನೆಲ ಅಲ್ಲೇ ಇರುತ್ತದೆ. ದೆಹಲಿಯ ಇಂಡಿಯಾ ಗೇಟ್ ಬಳಿ ಲುಟ್ಯೆನ್ಸ್ ರೂಪಿಸಿದ ಛತ್ರಿಯ ಕೆಳಗಿದ್ದ ಐದನೇ ಜಾರ್ಜ್ ದೊರೆಯನ್ನು 1968ರಲ್ಲಿ ತೆಗೆದು ಕೊರೊನೇಶನ್ ಪಾರ್ಕಿಗೆ ಸಾಗಿಸಿದರು. ಐವತ್ತಕ್ಕೂ ಹೆಚ್ಚು ವರ್ಷ ಆ ಛತ್ರಿ ಬರಿದಾಗಿತ್ತು. ಆ ಬರಿದು ನನ್ನ ದೃಷ್ಟಿಯಲ್ಲಿ ದೆಹಲಿಯ ಅತ್ಯುತ್ತಮ ಸ್ಮಾರಕವಾಗಿತ್ತು: ಸಾಮ್ರಾಜ್ಯವೇ ಕಟ್ಟಿದ ಚೌಕಟ್ಟಿನೊಳಗೆ ಅದರ ಗೈರುಹಾಜರಿ. 2022ರ ಸೆಪ್ಟೆಂಬರಿನಲ್ಲಿ ಅಲ್ಲಿ ನೇತಾಜಿಯ 28 ಅಡಿ ಎತ್ತರದ ಗ್ರಾನೈಟ್ ಪ್ರತಿಮೆ ನಿಂತಿತು, ಕೆತ್ತಿದವರ ಮುಂಚೂಣಿಯಲ್ಲಿದ್ದವರು ನಮ್ಮ ಮೈಸೂರಿನ ಅರುಣ್ ಯೋಗಿರಾಜ್. ನೇತಾಜಿಗೆ ಆ ಗೌರವ ಸಲ್ಲಬಾರದೆಂದು ಯಾರೂ ಹೇಳಲಾರರು. ನನ್ನ ತಕರಾರು ಛತ್ರಿಯ ಬಗ್ಗೆ. ಒಬ್ಬ ಚಕ್ರವರ್ತಿಯನ್ನು ಪ್ರಜೆಗಳು ದೂರದಿಂದ ತಲೆಯೆತ್ತಿ ನೋಡಲೆಂದು ಅಳೆದು ಕಟ್ಟಿದ ಜಾಗಕ್ಕೆ, ಆ ಚಕ್ರವರ್ತಿಯ ವಿರುದ್ಧ ಸೈನ್ಯ ಕಟ್ಟಿದವನನ್ನು ತಂದು ಕೂಡಿಸಿದರೆ, ಬದಲಾದದ್ದು ಮೂರ್ತಿ ಮಾತ್ರ. ಬರಿದಾದ ಪೀಠ ಯಾವಾಗಲೂ ಮುಂದಿನವನಿಗಾಗಿ ಬಾಯ್ದೆರೆದೇ ಇರುತ್ತದೆ. ಬೆಂಗಳೂರಿನಲ್ಲಿ 2020ರಲ್ಲಿ ಬ್ರಿಟಿಷ್ ಆಡಳಿತಗಾರ ಮಾರ್ಕ್ ಕಬ್ಬನ್ನನ ಕುದುರೆ ಸವಾರಿಯ ಪ್ರತಿಮೆ ಅಠಾರಾ ಕಚೇರಿಯ ಅಂಗಳದಿಂದ ಕಬ್ಬನ್ ಪಾರ್ಕಿನೊಳಕ್ಕೆ ಸರಿದದ್ದೂ ಹೀಗೆಯೇ, ಪೀಠದ ಪ್ರಯಾಣ.

ಅಮೆರಿಕದ ರಿಚ್ಮಂಡ್ ನಗರದಲ್ಲಿ ನಡೆದದ್ದು ಇನ್ನೂ ಕಣ್ತೆರೆಸುವಂಥದ್ದು. ಗುಲಾಮಗಿರಿಯ ಪರ ಕಾದಾಡಿದ ದಕ್ಷಿಣದ ಸೈನ್ಯದ ದಂಡನಾಯಕ ರಾಬರ್ಟ್ ಲೀಯ ಕುದುರೆ ಸವಾರಿಯ ಪ್ರತಿಮೆ 1890ರಿಂದ ಅಲ್ಲಿತ್ತು. 2020ರ ಬೇಸಿಗೆಯಲ್ಲಿ ಜನ ಆ ವೃತ್ತವನ್ನು ತಮ್ಮದಾಗಿಸಿಕೊಂಡರು: ಪೀಠದ ತುಂಬ ಬರಹ, ಕೆಳಗೆ ತರಕಾರಿ ಮಡಿ, ಬ್ಯಾಸ್ಕೆಟ್‌ಬಾಲ್ ಬುಟ್ಟಿ, ಪೊಲೀಸರ ಕೈಯಲ್ಲಿ ಸತ್ತವರ ಚಿತ್ರಗಳು. ಪ್ರತಿಮೆ ಇನ್ನೂ ಮೇಲಿತ್ತು, ಆದರೆ ಅದರ ಅಪ್ಪಣೆ ಕೇಳುವವರಿರಲಿಲ್ಲ. ಮರುವರ್ಷದ ಮೊದಲಲ್ಲಿ ಸರ್ಕಾರ ಸುತ್ತ ಎತ್ತರದ ಬೇಲಿ ಹಾಕಿತು, ಸೆಪ್ಟೆಂಬರಿನಲ್ಲಿ ಪ್ರತಿಮೆಯನ್ನು ಇಳಿಸಿತು. ಇಳಿಸಿದ್ದು ಸರಿಯೇ. ಆದರೆ ಜನ ಕಟ್ಟಿಕೊಂಡಿದ್ದ ಜಾಗವೂ ಅದರೊಂದಿಗೆ ಹೋಯಿತು. ದಂಡನಾಯಕನನ್ನು ತೆಗೆಯಲು ತೋರಿದ ಆಸ್ಥೆಯ ಕಾಲುಭಾಗವನ್ನು ಆ ನೆಲದ ಮೇಲೆ ತೋರಿದ್ದರೆ ಏನಾಗುತ್ತಿತ್ತು ಎಂಬುದು ನಿಮ್ಮಂಥವರು ಕೇಳಿಕೊಳ್ಳಬೇಕಾದ ಪ್ರಶ್ನೆ.

ಎರಡನೆಯ ಆಕ್ಷೇಪ ನಮ್ಮ ದೇಶದಲ್ಲಿ ತುಂಬ ಹರಿತ: ದಬ್ಬಾಳಿಕೆ ಯಾರದೆಂದು ತೀರ್ಮಾನಿಸುವವರು ಯಾರು? ಇಂದು ಈ ಮಾತನ್ನು ಒಪ್ಪಿಕೊಂಡರೆ ನಾಳೆ ಪ್ರತಿಯೊಂದು ಗುಂಪೂ ತನಗಾಗದ ಗೋಡೆಯ ಬಳಿ ಗುದ್ದಲಿ ಹಿಡಿದು ನಿಲ್ಲುವುದಿಲ್ಲವೇ? ನಿಲ್ಲುತ್ತದೆ, ನಿಂತಿದೆ ಕೂಡ. ಪುಣೆ ಬಳಿಯ ಭೀಮಾ ಕೋರೆಗಾಂವ್ ಕಂಬವನ್ನು ತೆಗೆದುಕೊಳ್ಳಿ. 1818ರ ಜನವರಿ 1ರ ಕಾಳಗದಲ್ಲಿ ಪೇಶ್ವೆಯ ಸೈನ್ಯಕ್ಕೆ ಎದುರು ನಿಂತು ಮಡಿದ ತನ್ನ ಸೈನಿಕರಿಗಾಗಿ ಈಸ್ಟ್ ಇಂಡಿಯಾ ಕಂಪನಿ ನೆಟ್ಟ ಕಂಬ ಅದು. ವಸಾಹತುಶಾಹಿಯ ಜಂಬದ ಗುರುತು ಎಂದು ಕೆಡವಬಹುದಿತ್ತು. ಆದರೆ ಅದರಲ್ಲಿ ಮಹಾರ್ ಸೈನಿಕರ ಹೆಸರುಗಳಿದ್ದವು; ಪೇಶ್ವೆಗಳ ಕಾಲದ ಅಸ್ಪೃಶ್ಯತೆಯ ನೆನಪಿದ್ದವರಿಗೆ ಆ ಹೆಸರುಗಳೇ ಸ್ಮಾರಕ. 1927ರ ಜನವರಿ 1ರಂದು ಅಂಬೇಡ್ಕರ್ ಅಲ್ಲಿಗೆ ಹೋದ ಮೇಲೆ ಅದು ಕಂಪನಿಯ ಕಂಬವಾಗಿ ಉಳಿಯಲಿಲ್ಲ. ಯಾವ ವಾಸ್ತುಶಿಲ್ಪಿಯೂ ಅದನ್ನು ಮುಟ್ಟದೆ, ವರ್ಷವರ್ಷ ಸೇರುವ ಜನರೇ ಅದರ ಅರ್ಥವನ್ನು ಬದಲಿಸಿದರು. ಇದರಿಂದ ನಾನು ಕಲಿಯುವುದು ಎರಡು. ಮೊದಲನೆಯದು, ನಿಮ್ಮ ನಕ್ಷೆಯಲ್ಲಿ ಜನ ಸೇರಲು ಬೇಕಾದಷ್ಟು ಖಾಲಿ ಜಾಗವಿರಲಿ, ಎಲ್ಲವನ್ನೂ ಕಲ್ಲುಬೆಂಚು, ಕುಂಡಗಳಿಂದ ತುಂಬಬೇಡಿ. ಎರಡನೆಯದು ‘ಯಾರ ದಬ್ಬಾಳಿಕೆ’ ಎಂಬ ಪ್ರಶ್ನೆಗೆ ಸಂಬಂಧಿಸಿದ್ದು: ಪೀಠದ ಮೇಲೆ ಒಬ್ಬರಿಗೇ ಜಾಗ, ಹಾಗಾಗಿ ಅಲ್ಲಿ ಒಂದೇ ಉತ್ತರ ಸಾಧ್ಯ. ನೆಲದ ಮೇಲೆ ಹಲವರಿಗೆ ಜಾಗವಿದೆ. ಬೋಲ್ಜಾನೊದ ಮಾಳಿಗೆ ಎರಡು ಸರ್ವಾಧಿಕಾರಗಳನ್ನು ಅಕ್ಕಪಕ್ಕ ಇಟ್ಟದ್ದು ನೆಲದ ಮಟ್ಟದಲ್ಲಿ ಯೋಚಿಸಿದ್ದರಿಂದ.

ನಿಮ್ಮ ಕಸುಬಿಗೂ ಒಂದು ಆಮಿಷವಿದೆ. ಅದನ್ನು ಹೇಳದಿದ್ದರೆ ಈ ಪತ್ರ ಬರೀ ಹೊಗಳಿಕೆಯಾದೀತು. ಅಲ್ಬೇನಿಯಾದ ಟಿರಾನಾದಲ್ಲಿ ಸರ್ವಾಧಿಕಾರಿ ಎನ್ವರ್ ಹೋಜಾನ ನೆನಪಿಗೆ 1988ರಲ್ಲಿ ತೆರೆದ ಪಿರಮಿಡ್ ಆಕಾರದ ವಸ್ತುಸಂಗ್ರಹಾಲಯವಿದೆ. ಆಡಳಿತ ಬಿದ್ದ ಮೇಲೆ ಊರಿನ ಹುಡುಗರು ಅದರ ಇಳಿಜಾರು ಗೋಡೆಗಳನ್ನೇ ಜಾರುಬಂಡೆ ಮಾಡಿಕೊಂಡಿದ್ದರು. 2023ರಲ್ಲಿ ಡಚ್ ಸಂಸ್ಥೆ ಎಂವಿಆರ್‌ಡಿವಿ ಇಳಿಜಾರುಗಳಿಗೆ ಮೆಟ್ಟಿಲು ಕೊಟ್ಟು, ಬಣ್ಣಬಣ್ಣದ ಪೆಟ್ಟಿಗೆಯಂಥ ಕೋಣೆಗಳನ್ನು ಸೇರಿಸಿ, ಯುವಕರಿಗೆ ತಂತ್ರಜ್ಞಾನ ಕಲಿಸುವ ತಾಣವಾಗಿಸಿತು. ಸರ್ವಾಧಿಕಾರಿಯ ನೆತ್ತಿಯ ಮೇಲೆ ಜನ ಕೂತು ಐಸ್‌ಕ್ರೀಮ್ ತಿನ್ನುವುದು ನನಗೆ ಖುಷಿ ಕೊಡುತ್ತದೆ, ಮುಚ್ಚಿಡುವುದೇನು. ಭಂಗಿ ಬದಲಾಗಿದೆ, ನಿಜ. ಆದರೆ ಹೋಜಾನ ಕಾಲದಲ್ಲಿ ಸೆರೆಮನೆ, ಶ್ರಮಶಿಬಿರಗಳಲ್ಲಿ ಬೆಂದವರು ಆ ಮೆಟ್ಟಿಲುಗಳಲ್ಲಿ ತಮ್ಮನ್ನು ಎಲ್ಲಿ ಕಾಣಬೇಕು? ಅಪ್ಪಣೆಯನ್ನು ರದ್ದುಮಾಡುವುದು ಅರ್ಧ ಕೆಲಸ; ಅಪ್ಪಣೆ ಮುರಿದುಹಾಕಿದ ಬದುಕುಗಳಿಗೆ ಜಾಗ ಕೊಡುವುದು ಇನ್ನರ್ಧ. ಸ್ಪೇನಿನ ಕ್ವೆಲ್ಗಾಮೂರೊಸ್ ಕಣಿವೆಯಲ್ಲಿ ಈ ಎರಡನೆಯ ಅರ್ಧವೇ ಎಲ್ಲಕ್ಕಿಂತ ದೊಡ್ಡದು. ರಾಜಕೀಯ ಕೈದಿಗಳನ್ನೂ ದುಡಿಸಿ ಸರ್ವಾಧಿಕಾರಿ ಫ್ರಾಂಕೊ ಕಟ್ಟಿಸಿದ ಆ ಬಸಿಲಿಕಾದ ಮೇಲೆ 150 ಮೀಟರ್ ಶಿಲುಬೆ. ಒಳಗೆ 33,000ಕ್ಕೂ ಹೆಚ್ಚು ಮಂದಿಯ ಮೂಳೆಗಳು, ಎಷ್ಟೋ ಜನರದ್ದು ಮನೆಯವರನ್ನು ಕೇಳದೆ ತಂದು ತುಂಬಿದ್ದು. 2019ರಲ್ಲಿ ಫ್ರಾಂಕೊನ ದೇಹವನ್ನು ಹೊರತೆಗೆದರು; 2025ರಲ್ಲಿ ಇಡೀ ಜಾಗಕ್ಕೆ ಹೊಸ ಅರ್ಥ ಕೊಡಲು ವಿನ್ಯಾಸ ಸ್ಪರ್ಧೆ ಕರೆದರು. ಮಿಕ್ಕವರ ಮೂಳೆಗಳನ್ನು ಅವರವರ ಮನೆಯವರಿಗೆ ಒಪ್ಪಿಸುವವರೆಗೆ ಅಲ್ಲಿ ಯಾವ ಮೆಟ್ಟಿಲೂ ಯಾವ ಗಾಜೂ ಸಾಕಾಗದು. ಇಂಥ ಕಡೆ ವಿನ್ಯಾಸ ಎರಡನೆಯ ಸಾಲಿನಲ್ಲಿ ನಿಲ್ಲುವುದನ್ನು ಕಲಿಯಬೇಕು.

ಕೊನೆಗೆ ನಿಮ್ಮ ಕಾಲ್ನಡಿಗೆಯ ದೂರದ್ದೊಂದು. ಬೆಂಗಳೂರಿನಲ್ಲಿ ಟಿಪ್ಪುವಿನೊಡನೆ ನಡೆದ ಯುದ್ಧದಲ್ಲಿ ಮಡಿದ ಬ್ರಿಟಿಷರ ನೆನಪಿಗೆ ಎದ್ದಿದ್ದ ಸೆನೊಟಾಫ್ ಕಂಬವನ್ನು 1964ರಲ್ಲಿ ಕನ್ನಡ ಹೋರಾಟಗಾರರ ಒತ್ತಾಯದ ಮೇಲೆ ಪಾಲಿಕೆ ಕೆಡವಿತು. ಸೆನೊಟಾಫ್ ರಸ್ತೆ ನೃಪತುಂಗ ರಸ್ತೆಯಾಯಿತು. ಕೆಡವಿದ್ದಕ್ಕೆ ನನ್ನ ಕಣ್ಣಲ್ಲಿ ನೀರಿಲ್ಲ. ಆದರೆ ಕಂಬದೊಂದಿಗೆ ಬ್ರಿಟಿಷರು ಬೆಂಗಳೂರಿಗೆ ಹಾಕಿದ ಮುತ್ತಿಗೆಯ ಕತೆಯೂ ಆ ರಸ್ತೆಯಿಂದ ಮಾಯವಾಯಿತು; ಆ ಕಂಬ ಹೆಸರಿಸದೆ ಬಿಟ್ಟಿದ್ದ ನಮ್ಮವರನ್ನು ನಾವೂ ಹೆಸರಿಸಲಿಲ್ಲ. ಕೆ.ಆರ್. ಮಾರುಕಟ್ಟೆ ಬಳಿ ಉಳಿದಿರುವ ಕೋಟೆಯ ಗೋಡೆಯಲ್ಲಿ ಮಾತ್ರ ಇಂದಿಗೂ ಒಂದು ಶಿಲಾಫಲಕವಿದೆ. 1791ರ ಮಾರ್ಚ್ 21ರಂದು ಈ ಬಿರುಕಿನ ಮೂಲಕ ಬ್ರಿಟಿಷರು ನುಗ್ಗಿದರು ಎಂದು ಇಂಗ್ಲಿಷಿನಲ್ಲಿ ಹೇಳುವ ಒಂದು ವಾಕ್ಯ. ಅದನ್ನು ಓದುವವನು ತಿಳಿಯದೆಯೇ ಹೊರಗಡೆ, ನುಗ್ಗುವವರ ಸಾಲಿನಲ್ಲಿ ನಿಲ್ಲುತ್ತಾನೆ. ಒಳಗಡೆ ನಿಂತು ಸತ್ತ ಕಿಲ್ಲೇದಾರ ಬಹಾದುರ್ ಖಾನನಿಗೆ, ಅವನ ಜೊತೆ ಬಿದ್ದ ಹೆಸರಿಲ್ಲದ ಸಿಪಾಯಿಗಳಿಗೆ ಅಲ್ಲಿ ಜಾಗವಿಲ್ಲ. ಆ ಕೋಟೆಯನ್ನಾಳಿದ ಟಿಪ್ಪುವಿನ ಸೆರೆಯಲ್ಲಿ ನರಳಿದ ಕೊಡವರು, ಮಂಗಳೂರಿನ ಕ್ರೈಸ್ತರು ಅಲ್ಲಿಗೆ ಬಂದರೆ ಅವರು ನಿಲ್ಲಬೇಕಾದ ಜಾಗ ಇನ್ನೂ ಬೇರೆ. ನಿಮ್ಮ ಮುಂದಿನ ಸ್ಟುಡಿಯೋ ಅಭ್ಯಾಸಕ್ಕೆ ಆ ಹತ್ತಿಪ್ಪತ್ತು ಅಡಿ ನೆಲವನ್ನೇ ಆರಿಸಿಕೊಳ್ಳಿ. ಫಲಕವನ್ನು ತೆಗೆಯುವಂತಿಲ್ಲ, ಕಾರಂಜಿ ಹಾಕುವಂತಿಲ್ಲ. ಓದುವವನನ್ನು ಗೋಡೆಯ ಎರಡೂ ಬದಿ ನಿಲ್ಲಿಸಬೇಕು, ಅಷ್ಟೇ. ಗೆರೆ ಎಳೆಯುವ ಮೊದಲು ಒಂದು ದಿನ ಬೆಳಗಿನಿಂದ ಕತ್ತಲಾಗುವವರೆಗೆ ಅಲ್ಲಿದ್ದು, ಹೂವಿನವರು, ಮೂಟೆ ಹೊರುವವರು, ಬಸ್ಸಿಗೆ ಕಾಯುವವರು ಎಲ್ಲೆಲ್ಲಿ ನಿಲ್ಲುತ್ತಾರೆ, ಯಾವ ಕಲ್ಲಿಗೆ ಒರಗುತ್ತಾರೆ, ಯಾವ ಕಡೆಗೆ ಬೆನ್ನು ಮಾಡಿ ಕೂರುತ್ತಾರೆ ಎಂದು ಗುರುತು ಹಾಕಿಕೊಂಡು ಬನ್ನಿ.

ವಿಶ್ವಾಸದಿಂದ,
ನಿಮ್ಮ ನಕ್ಷೆಗಳಲ್ಲಿ ನಡೆದಾಡಬೇಕಾದ ಒಬ್ಬ ನಾಗರಿಕ